ತುಂಗವ್ವ ಮಗು ಕದ್ದ ದಿನ

ದೆವ್ವದ ಸಿನಿಮಾ ತೆಗೆಯಲು ನಮ್ಮೂರಿಗೆ ಬಂದವರಿಗೆ ಯಾರಾದರೂ ಮೊದಲೇ ವಿಷಯ ತಿಳಿಸಬೇಕಿತ್ತು. ಯಾರೂ ತಿಳಿಸಲಿಲ್ಲ. ಪುರಸಭೆಯ ಅಧ್ಯಕ್ಷರು ತಿಳಿಸಲಿಲ್ಲ, ಏಕೆಂದರೆ ಅವರಿಗೆ ಸಿನಿಮಾದಲ್ಲಿ ಒಂದು ಪಾತ್ರ ಕೊಡುವುದಾಗಿ ಹೇಳಿದ್ದರು. ಲಾಡ್ಜಿನವನು ತಿಳಿಸಲಿಲ್ಲ, ಅವನ ಎಂಟೂ ಕೋಣೆಗಳು ಒಂದೇ ಸಲಕ್ಕೆ ತುಂಬಿದ್ದು ಅದೇ ಮೊದಲು. ನಾನೂ ತಿಳಿಸಲಿಲ್ಲ. ಕಿಟಕಿಗಳಿಗೆಲ್ಲ ಕಪ್ಪು ಪರದೆ ಹೊಲಿಯುವ ಕೆಲಸ ನನಗೆ ಸಿಕ್ಕಿತ್ತು, ಬಾಯಿ ತೆರೆದು ಅದನ್ನು ಕಳೆದುಕೊಳ್ಳುವ ಮನಸ್ಸಿರಲಿಲ್ಲ.

ನಮ್ಮಲ್ಲಿ ಯಾರಾದರೂ ಸತ್ತರೆ ಹದಿಮೂರನೆಯ ದಿನ ಬೆಳಿಗ್ಗೆ ಮನೆಗೆ ಬರುತ್ತಾರೆ. ಬಂದು ತಮ್ಮ ಎಂದಿನ ಜಾಗದಲ್ಲಿ ಕೂರುತ್ತಾರೆ. ಉಣ್ಣುವುದಿಲ್ಲ, ಮಲಗುವುದಿಲ್ಲ, ಮುಟ್ಟಿದರೆ ಹೂಜಿಯ ನೀರಿನಷ್ಟು ತಣ್ಣಗಿರುತ್ತಾರೆ. ಮಿಕ್ಕಂತೆ ಬದುಕಿದ್ದಾಗ ಹೇಗಿದ್ದರೋ ಹಾಗೆಯೇ. ಕೊಂಕು ಆಡುತ್ತಿದ್ದವರು ಕೊಂಕು ಆಡುತ್ತಾರೆ, ಪೇಪರ್ ಓದುತ್ತಿದ್ದವರು ಪೇಪರ್ ಓದಿ ಸರ್ಕಾರವನ್ನು ಬೈಯುತ್ತಾರೆ. ಅವರನ್ನು ಸತ್ತವರು ಎನ್ನುವುದು ಮರ್ಯಾದೆಯಲ್ಲವೆಂದು ‘ಉಳಿದವರು’ ಎನ್ನುತ್ತೇವೆ. ಬಸ್ಸಿನಲ್ಲಿ ಉಳಿದವರಿಗೆ ಟಿಕೆಟ್ ಇಲ್ಲ, ಸೀಟೂ ಇಲ್ಲ. ಅವರ ಹೆಸರನ್ನು ರೇಷನ್ ಕಾರ್ಡಿನಿಂದ ತೆಗೆಯುತ್ತಾರೆ, ಮತದಾರರ ಪಟ್ಟಿಯಿಂದ ತೆಗೆಯುವುದಿಲ್ಲ. ಈ ಒಂದು ವಿಷಯದಲ್ಲಿ ಮಾತ್ರ ನಮ್ಮೂರಿನ ಎಲ್ಲ ಪಕ್ಷಗಳಿಗೂ ಒಮ್ಮತವಿದೆ.

ನನ್ನ ಅತ್ತೆ ತುಂಗವ್ವ ಉಳಿದು ಆರು ವರ್ಷವಾಗಿತ್ತು. ಬದುಕಿದ್ದಾಗ ಮೂವತ್ತು ವರ್ಷ ಅಂಗನವಾಡಿಯಲ್ಲಿ ಆಯಾ ಆಗಿದ್ದವರು. ಉಳಿದ ಮೇಲೂ ದಿನಾ ಬೆಳಿಗ್ಗೆ ಒಂಬತ್ತಕ್ಕೆ ಸೆರಗು ಸಿಕ್ಕಿಸಿಕೊಂಡು ಅಲ್ಲಿಗೇ ಹೋಗುತ್ತಿದ್ದರು. ಇಲಾಖೆಯ ಕಾಗದದಲ್ಲಿ ಆ ಹುದ್ದೆ ಇಂದಿಗೂ ಖಾಲಿ. ಮಕ್ಕಳು ಅತ್ತರೆ ಎತ್ತಿಕೊಳ್ಳುವುದು, ಮೂಗು ಒರೆಸುವುದು, ಬೇಸಿಗೆಯಲ್ಲಂತೂ ಮಕ್ಕಳೇ ಹೋಗಿ ಅವರ ತಣ್ಣನೆಯ ತೊಡೆಯ ಮೇಲೆ ಮಲಗುವುದು, ಎಲ್ಲ ನಡೆದೇ ಇತ್ತು. ನನ್ನ ಗಂಡ ದೂರದ ಗಣಿಯಲ್ಲಿ ಕೆಲಸ ಮಾಡುತ್ತಾನೆ, ತಿಂಗಳಿಗೊಮ್ಮೆ ಬರುತ್ತಾನೆ. ಹಾಗಾಗಿ ಮನೆಯ ಮುಂಭಾಗದ ಹೊಲಿಗೆ ಅಂಗಡಿಯಲ್ಲಿ ನಾನು, ಬಾಗಿಲ ಬಳಿಯ ಕುರ್ಚಿಯಲ್ಲಿ ಅತ್ತೆ, ಇಷ್ಟೇ ನಮ್ಮ ಸಂಸಾರ.

ಸಿನಿಮಾದ ನಿರ್ದೇಶಕನ ಹೆಸರು ಕ್ರಿಶಾಂಕ್. ಅವನ ತಾಯಿ ಇಟ್ಟ ಹೆಸರು ಬೇರೆ ಏನೋ ಇರಬೇಕು. ಹಾಳು ಬಂಗಲೆಯೊಂದರ ದೆವ್ವ ಏಳು ವರ್ಷದ ಹುಡುಗಿಯನ್ನು ಅಪಹರಿಸುತ್ತದೆ, ಅವಳ ತಂದೆ ಪ್ರಾಣದ ಹಂಗು ತೊರೆದು ಹೋಗಿ ಬಿಡಿಸಿಕೊಂಡು ಬರುತ್ತಾನೆ, ಇದು ಕಥೆ. ಊರಾಚೆಯ ಹಳೆಯ ಪ್ರವಾಸಿ ಮಂದಿರವನ್ನು ಹಾಳು ಬಂಗಲೆ ಮಾಡಿದರು. ಅದಕ್ಕೆ ಅವರು ಹೆಚ್ಚೇನೂ ಕಷ್ಟಪಡಬೇಕಾಗಲಿಲ್ಲ. ಹೀರೋಗೆ ಒಂಬತ್ತು ಗಂಟೆಗೆಲ್ಲ ನಿದ್ದೆ ಬರುತ್ತಿತ್ತಂತೆ, ಆದ್ದರಿಂದ ನಡುರಾತ್ರಿಯ ದೃಶ್ಯಗಳನ್ನೆಲ್ಲ ಬೆಳಿಗ್ಗೆ ಹನ್ನೊಂದು ಗಂಟೆಗೆ, ನನ್ನ ಕಪ್ಪು ಪರದೆಗಳಿಂದ ಕತ್ತಲು ಮಾಡಿ ಚಿತ್ರೀಕರಿಸುತ್ತಿದ್ದರು. ನಮ್ಮೂರಿನ ಠಾಣೆಯ ಫೌಜದಾರ ಕಡಕೋಳ ಸಾಹೇಬರಿಗೆ ಫೌಜದಾರನದೇ ಪಾತ್ರ ಸಿಕ್ಕಿತು. ಅವರ ನಿಜವಾದ ಸಮವಸ್ತ್ರ ಕ್ಯಾಮೆರಾದಲ್ಲಿ ನಂಬುವಂತೆ ಕಾಣುವುದಿಲ್ಲ ಎಂದು ನನ್ನಿಂದ ಬೇರೊಂದು ಹೊಲಿಸಿದರು.

ಎರಡನೆಯ ದಿನ ಶೂಟಿಂಗ್ ನೋಡಲು ಅತ್ತೆಯೂ ನನ್ನ ಜೊತೆ ಬಂದರು. ದೆವ್ವದ ಪಾತ್ರದ ಹೆಣ್ಣುಮಗಳು ಬಿಳಿ ಸೀರೆ ಉಟ್ಟು, ಸೊಂಟದವರೆಗೆ ಕೂದಲು ಇಳಿಬಿಟ್ಟು, ಕಣ್ಣಿಗೆ ಕೆಂಪು ಮಸೂರ ಹಾಕಿಸಿಕೊಳ್ಳುತ್ತಿದ್ದಳು.

"ಸುನಂದಾ, ಈಕಿ ಯಾಕ ಹಿಂಗ ಅದಾಳ?" ಅತ್ತೆ ಕೇಳಿದರು.

"ದೆವ್ವರೀ ಅತ್ತಿ. ಅಂದ್ರ ನಿಮ್ಮಂಥಾಕಿ."

"ನಾ ಎಂದರ ಕೂದಲಾ ಬಿಚ್ಚಿಕೊಂಡು ಊರಾಗ ಅಡ್ಡಾಡೇನೇನು? ಸಾಯೂ ದಿನಾನೂ ತುರುಬು ಕಟ್ಟಿದ್ದೆ."

ಅಷ್ಟರಲ್ಲಿ ಕ್ರಿಶಾಂಕನ ಕಣ್ಣು ಅತ್ತೆಯ ಮೇಲೆ ಬಿತ್ತು. ಅವನು ಎರಡೂ ಕೈಯ ಬೆರಳುಗಳಿಂದ ಚೌಕಟ್ಟು ಮಾಡಿ ಅವರ ಮುಖ ನೋಡಿದ. "ಆಂಟಿ, ನೀವೊಂದು ಸೀನ್ ಮಾಡ್ತೀರಾ? ಮುಖದಲ್ಲಿ ಏನು ಜೀವಕಳೆ ನಿಮ್ಮದು!" ಎಂದ. ಅತ್ತೆಗೆ ಖುಷಿಯಾಯಿತು. ಕುರ್ಚಿ ಹಾಕಿ ಕೂರಿಸಿದರು, ಲೈಟು ಬಿಟ್ಟರು, ಕ್ಯಾಮೆರಾ ಓಡಿಸಿದರು. ಉಳಿದವರು ಕ್ಯಾಮೆರಾಕ್ಕೆ ಸಿಗುವುದಿಲ್ಲ, ಅದು ನಮ್ಮೂರಿನ ಫೋಟೋ ಸ್ಟುಡಿಯೋದವನಿಗೆ ಗೊತ್ತು. ಕ್ರಿಶಾಂಕನ ಪರದೆಯಲ್ಲಿ ಖಾಲಿ ಕುರ್ಚಿ ಕಂಡಿತು. ಅವನು ಕ್ಯಾಮೆರಾಮನ್‌ಗೆ ಬೈದ, ಲೆನ್ಸ್ ಬದಲಾಯಿಸಿದ, ಕೊನೆಗೆ ರಾಜಧಾನಿಗೆ ಫೋನ್ ಮಾಡಿ ಬಾಡಿಗೆ ಕ್ಯಾಮೆರಾ ಕಳಿಸಿದವರಿಗೂ ಬೈದ. ಅತ್ತೆ ಬೇಸತ್ತು ಎದ್ದು ಬಂದರು.

ಅಪಹರಣಕ್ಕೊಳಗಾಗುವ ಹುಡುಗಿಯ ಪಾತ್ರ ಮಾಡುತ್ತಿದ್ದವಳ ಹೆಸರು ಇಂಚರಾ. ಅವಳ ಜೊತೆ ಅವಳ ತಂದೆ ಲೋಹಿತ್ ಇದ್ದ, ಸದಾ ಇಸ್ತ್ರಿ ಮಾಡಿದ ಅಂಗಿ ಹಾಕುವ, ಎಲ್ಲರನ್ನೂ ‘ಬ್ರದರ್’ ಎನ್ನುವ ಮನುಷ್ಯ. ಈ ಹುಡುಗಿಗೆ ಅಳಲು ಗ್ಲಿಸರಿನ್ ಬೇಕಾಗಿಲ್ಲ ಎಂದು ಕ್ರಿಶಾಂಕ್ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದ. "ನ್ಯಾಚುರಲ್ ಆರ್ಟಿಸ್ಟ್!" ಎನ್ನುತ್ತಿದ್ದ. ಅಳುವ ದೃಶ್ಯಕ್ಕೆ ಮುಂಚೆ ಲೋಹಿತ್ ಮಗಳನ್ನು ಪಕ್ಕಕ್ಕೆ ಕರೆದುಕೊಂಡು ಹೋಗಿ ಕಿವಿಯಲ್ಲಿ ಏನೋ ಹೇಳುತ್ತಿದ್ದ. ಎರಡು ನಿಮಿಷದಲ್ಲಿ ಮಗು ಬಿಕ್ಕಳಿಸುತ್ತ ಬರುತ್ತಿತ್ತು. ಒಂದು ದಿನ ನಾನು ಹೊರಗಿನಿಂದ ಕಿಟಕಿಗೆ ಪರದೆ ಬಿಗಿಯುತ್ತಿದ್ದಾಗ ಅವರಿಬ್ಬರೂ ಒಳಗೆ ಕಿಟಕಿಯ ಪಕ್ಕವೇ ನಿಂತಿದ್ದರು.

"ಅಮ್ಮ ಆಸ್ಪತ್ರೇಲಿ ನಿನ್ನ ಹೆಸರು ಕೂಗಿ ಕೂಗಿ ಸತ್ತಳು, ನೆನಪಿದೆಯಾ?" ಲೋಹಿತ್ ಮೆತ್ತಗೆ, ಪಾಠ ಹೇಳಿಕೊಡುವವನಂತೆ ಹೇಳುತ್ತಿದ್ದ. "ನೀನು ಹೋಗಲೇ ಇಲ್ಲ. ನೀನು ಹೋಗಿದ್ರೆ ಬದುಕ್ತಿದ್ದಳೋ ಏನೋ. ಹೂಂ, ಈಗ ಹೋಗು. ಆ ಲೈಟ್ ಕಡೆ ನೋಡು."

ಮಗು ಹೋಗಿ ಲೈಟಿನ ಕಡೆ ನೋಡಿ ಅತ್ತಿತು. "ಕಟ್! ಸೂಪರ್!" ಎಂದು ಕ್ರಿಶಾಂಕ್ ಕೂಗಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ಅಧ್ಯಕ್ಷರು ಎಲ್ಲರಿಗಿಂತ ಹೆಚ್ಚು ಹೊತ್ತು ತಟ್ಟಿದರು. ನಾನು ಪರದೆಯ ಹಿಂದೆ ಸೂಜಿ ಹಿಡಿದು ನಿಂತಿದ್ದೆ. ಸತ್ತ ತಾಯಿಯ ಹೆಸರಿನಲ್ಲಿ ಮಗುವನ್ನು ಹೀಗೆ ಅಳಿಸುವುದು ಕೆಟ್ಟದೆನಿಸಿತು, ಆದರೆ ಸಿನಿಮಾದವರ ಪದ್ಧತಿಯೇ ಹೀಗಿರಬೇಕು ಎಂದು ಸುಮ್ಮನಾದೆ. ಸುಮ್ಮನಾಗುವುದಕ್ಕೆ ಕಾರಣ ಹುಡುಕುವುದರಲ್ಲಿ ನಾವೆಲ್ಲ ಚುರುಕು.

ಶೂಟಿಂಗ್ ಮುಗಿಯುವ ಹಿಂದಿನ ದಿನ ಮಧ್ಯಾಹ್ನ ಇಂಚರಾಳನ್ನು ನನ್ನ ಅಂಗಡಿಗೆ ಕಳಿಸಿದರು. ಅಪಹರಣದ ದೃಶ್ಯದಲ್ಲಿ ಅವಳು ಶಾಲೆಯ ಲಂಗ ಹಾಕಬೇಕಿತ್ತು. ಅವಳ ಪೆಟ್ಟಿಗೆಯಲ್ಲೇ ಹಳೆಯದೊಂದು ಇತ್ತಂತೆ, ಗಿಡ್ಡವಾಗಿದೆ, ಅಂಚು ಬಿಚ್ಚಿ ಉದ್ದ ಮಾಡಿಕೊಡಿ ಎಂದು ಲೋಹಿತ್ ಹೇಳಿ, ಫೋನ್ ಬಂತೆಂದು ಹೊರಗೆ ಹೋದ. ಅಂಗನವಾಡಿಯಿಂದ ಆಗಷ್ಟೇ ಬಂದಿದ್ದ ಅತ್ತೆ ಮಗುವನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡರು.

"ಅಜ್ಜಿ, ನಿಮ್ಮ ಕೈ ಫ್ರಿಜ್ಜಲ್ಲಿಟ್ಟ ಹಾಗಿದೆ," ಎಂದಳು ಇಂಚರಾ.

"ನಾ ಉಳದಾಕಿ ನನ್ನವ್ವ. ಸತ್ತು ಆರು ವರ್ಷಾತು."

ಹೊರಗಿನವರ ಮಗುವಿಗೆ ಇದನ್ನು ಹೇಳುವುದೇ? ಇಂಚರಾ ಹೆದರಲಿಲ್ಲ. ಅತ್ತೆಯ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿದಳು. "ಸತ್ತೋರು ವಾಪಸ್ ಬರ್ತಾರಾ?"

"ಈ ಊರಾಗ ಬರ್ತೀವಿ."

ಅವಳು ಬಾಗಿಲ ಕಡೆ ನೋಡಿ, ಧ್ವನಿ ತಗ್ಗಿಸಿ ಕೇಳಿದಳು, "ಹಾಗಾದ್ರೆ ನಮ್ಮಮ್ಮ ನಿಮಗೆ ಗೊತ್ತಿರ್ತಾಳಾ? ಭಾರ್ಗವಿ ಅಂತ. ಇಲ್ಲಿ ಒಂದು ಮಚ್ಚೆ ಇದೆ." ತನ್ನ ಗಲ್ಲ ಮುಟ್ಟಿ ತೋರಿಸಿದಳು.

"ನನಗ ಗೊತ್ತಿಲ್ಲ. ಕೇಳ್ತೀನಿ ತಡಿ," ಎಂದರು ಅತ್ತೆ. ಯಾವ ಊರಿನಲ್ಲಿ ಯಾರು ತೀರಿಕೊಂಡರೂ ಉಳಿದವರಿಗೆ ಸುದ್ದಿ ಮುಟ್ಟುತ್ತದೆ. ಹೇಗೆಂದು ಕೇಳಿದರೆ ಅವರು ಹೇಳುವುದಿಲ್ಲ, ನಾವೂ ಒತ್ತಾಯ ಮಾಡುವುದಿಲ್ಲ. ಲೋಹಿತ್ ಬಂದು ಮಗಳನ್ನು ಕರೆದುಕೊಂಡು ಹೋದ. ಅತ್ತೆ ಸೆರಗು ಸಿಕ್ಕಿಸಿಕೊಂಡು ಬೀದಿಗಿಳಿದರು.

ನಾನು ಲಂಗದ ಅಂಚು ಬಿಚ್ಚಲು ಕೂತೆ. ಮಡಿಕೆಯ ಒಳಗೆ ಕೆಂಪು ದಾರದಲ್ಲಿ ಏನೋ ಕಸೂತಿ ಇತ್ತು. ಬಿಚ್ಚಿ ಬೆಳಕಿಗೆ ಹಿಡಿದೆ. ‘ಇಂಚರಾ, ಒಂದನೇ ತರಗತಿ’ ಎಂದಿತ್ತು, ಅದರ ಕೆಳಗೆ ಒಂದು ಫೋನ್ ನಂಬರು. ಇಪ್ಪತ್ತು ವರ್ಷದಿಂದ ಹೊಲಿಯುತ್ತಿದ್ದೇನೆ, ಹೊಲಿಗೆ ನೋಡಿದರೆ ಹೊಲಿದ ಕೈ ಎಂಥದ್ದೆಂದು ನನಗೆ ತಿಳಿಯುತ್ತದೆ. ಒಂದೊಂದು ಅಂಕಿಗೂ ಎರಡೆರಡು ಗಂಟು ಹಾಕಿದ್ದರು. ಮಗುವನ್ನು ಯಾರಾದರೂ ಕೊಂಡೊಯ್ದಾರು ಎಂದು ಮುಂಚಿನಿಂದಲೇ ಹೆದರಿದ್ದ ಕೈ ಅದು.

ದೀಪ ಹಚ್ಚುವ ಹೊತ್ತಿಗೆ ಅತ್ತೆ ಬಂದರು. ಕುರ್ಚಿಯಲ್ಲಿ ಕೂರಲಿಲ್ಲ. "ಎಲ್ಲಾರನ್ನೂ ಕೇಳಿದೆ. ಭಾರ್ಗವಿ ಅನ್ನಾಕಿ, ಗಲ್ಲದ ಮ್ಯಾಲೆ ಮಚ್ಚಿ ಇದ್ದಾಕಿ, ನಮ್ಮ ಕಡೆ ಯಾರೂ ಬಂದಿಲ್ಲ," ಎಂದರು. "ಸುನಂದಾ, ಆ ಕೂಸಿನ ತಾಯಿ ಜೀವಂತ ಅದಾಳ."

ನಾನು ಫೋನ್ ಮಾಡಿದೆ. ಒಂದೇ ರಿಂಗಿಗೆ ಎತ್ತಿದರು. ಹಲೋ ಎನ್ನಲಿಲ್ಲ, ಯಾರು ಎನ್ನಲಿಲ್ಲ. "ಸಿಕ್ಕಳಾ?" ಎಂದಿತು ಆ ಧ್ವನಿ.

ನಾನು ಯಾರು, ಯಾವ ಊರಿನಿಂದ ಎಂದು ಹೇಳಿದೆ. ಆಮೇಲೆ ಎಲ್ಲ ಹೇಳಿದೆ. ಭಾರ್ಗವಿಯೂ ಹೇಳಿದಳು. ಎಂಟು ತಿಂಗಳ ಹಿಂದೆ ಲೋಹಿತ್ ಶಾಲೆಯ ಗೇಟಿನಿಂದ ಮಗುವನ್ನು ಕರೆದುಕೊಂಡು ಹೋಗಿದ್ದ. ಮಗು ತಾಯಿಯ ಬಳಿಯೇ ಇರಬೇಕೆಂದು ಅದಕ್ಕೂ ಮೊದಲೇ ಕೋರ್ಟು ಹೇಳಿತ್ತು. ಆ ಕಾಗದ ಹಿಡಿದು ಅವಳು ತನ್ನ ಊರಿನ ಠಾಣೆಗೆ ಹೋದರೆ, ತಂದೆಯೇ ಮಗುವನ್ನು ಕರೆದುಕೊಂಡು ಹೋದರೆ ಅದು ಅಪಹರಣ ಹೇಗಾಗುತ್ತದಮ್ಮ ಎಂದು ಕಳಿಸಿದ್ದರಂತೆ. ಅವಳೀಗ ಹೊರಟರೂ ದಾರಿಯಲ್ಲಿ ಎರಡು ಬಸ್ಸು ಬದಲಿಸಿ ಇಲ್ಲಿ ಮುಟ್ಟುವುದು ಮರುದಿನ ಮಧ್ಯಾಹ್ನ ಎರಡೂವರೆಗೆ. ಇಲ್ಲಿ ಶೂಟಿಂಗ್ ಬೆಳಿಗ್ಗೆ ಮುಗಿಯುತ್ತಿತ್ತು, ಹನ್ನೆರಡಕ್ಕೆ ಎಲ್ಲರೂ ಗಾಡಿ ಹತ್ತುತ್ತಿದ್ದರು.

"ಫೌಜದಾರ ಸಾಹೇಬ್ರಿಗೆ ಹೇಳೂಣೇನ್ರಿ ಅತ್ತಿ?" ಎಂದೆ.

"ಅವಗ ಹೇಳಿದ್ರ ಅಧ್ಯಕ್ಷರಿಗೆ ಹೇಳ್ತಾನ. ಅಧ್ಯಕ್ಷರು ಆ ಡೈರೆಕ್ಟರಗ ಹೇಳ್ತಾರ. ಎಲ್ಲಾರೂ ಬಣ್ಣಾ ಹಚ್ಚಿಕೊಂಡು ಕುಂತಾರ," ಎಂದರು ಅತ್ತೆ. "ನಾ ನೋಡ್ಕೋತೀನಿ. ನೀ ಆ ಲಂಗಾ ನಾಳೆ ಕೊಡಬ್ಯಾಡ, ಬ್ಯಾರೆ ಯಾವುದರ ಹೊಲದು ಕೊಡು," ಎಂದರು. ಮಿಷನ್ನಿನ ಸದ್ದಿನಲ್ಲೇ ನನ್ನ ಆ ಸಂಜೆ ಕಳೆಯಿತು.

ಮರುದಿನ ಹನ್ನೊಂದಕ್ಕೆ ಅಪಹರಣದ ದೃಶ್ಯ. ಮಂಚದ ಮೇಲೆ ಇಂಚರಾ ಮಲಗಿರುತ್ತಾಳೆ, ಮಬ್ಬು ನೀಲಿ ಬೆಳಕಿನಲ್ಲಿ ದೆವ್ವ ಬಂದು ಅವಳನ್ನು ಎತ್ತಿಕೊಂಡು ಹೋಗುತ್ತದೆ. ಕೋಣೆಯಲ್ಲಿ ಹೊಗೆ ತುಂಬಿದರು. ನಾನು ಬಾಗಿಲ ಪರದೆ ಹಿಡಿದುಕೊಂಡು ನಿಂತಿದ್ದೆ. "ಆ್ಯಕ್ಷನ್!" ಎಂದ ಕ್ರಿಶಾಂಕ್. ಹೊಗೆ ಇಳಿಯುವ ಹೊತ್ತಿಗೆ ಮಂಚ ಖಾಲಿಯಿತ್ತು. "ಕಟ್! ಅದ್ಭುತ! ಇಷ್ಟು ಸ್ಮೂತಾಗಿ ಎತ್ತಿದ್ದು ನೋಡೇ ಇಲ್ಲ!" ಎಂದು ಅವನು ಕುಣಿದ.

ಬಿಳಿ ಸೀರೆಯ ಹೆಣ್ಣುಮಗಳು ಮೂಲೆಯಿಂದ ಕೂದಲು ಸರಿಸಿಕೊಂಡು ಮುಖ ಹೊರಹಾಕಿದಳು. "ಸರ್, ನಾನು ಇನ್ನೂ ಎತ್ತೇ ಇಲ್ಲ."

ತೆಗೆದದ್ದನ್ನು ಹಿಂದಕ್ಕೆ ಓಡಿಸಿ ನೋಡಿದರು. ಪರದೆಯಲ್ಲಿ ಇಂಚರಾ ಮಂಚದ ಮೇಲೆ ಎದ್ದು ಕೂತಳು. ಯಾರೂ ಇಲ್ಲದ ಕಡೆ ನೋಡಿ ನಕ್ಕಳು. ಕೈ ಮೇಲಕ್ಕೆ ಚಾಚಿ, ಏನನ್ನೂ ಹಿಡಿಯದ ಆ ಕೈಯಿಂದ ಯಾರನ್ನೋ ಹಿಡಿದುಕೊಂಡವಳಂತೆ, ಹೊಗೆಯಲ್ಲಿ ನಡೆದುಕೊಂಡು ಹಿಂಬಾಗಿಲಿನಿಂದ ಹೊರಗೆ ಹೋದಳು. ಇಪ್ಪತ್ತು ವರ್ಷದಿಂದ ಜನರನ್ನು ಹೆದರಿಸಿ ಹೊಟ್ಟೆ ಹೊರೆಯುತ್ತಿದ್ದ ಆ ಜನ ಒಂದೇ ಸಲ ಕಿರುಚಿಕೊಂಡ ಸದ್ದು ಬಸ್‌ಸ್ಟ್ಯಾಂಡಿನವರೆಗೆ ಕೇಳಿಸಿತಂತೆ. ದೆವ್ವದ ಪಾತ್ರದವಳು ಎಲ್ಲರಿಗಿಂತ ಮುಂದೆ ಓಡಿದಳು.

ಅತ್ತೆ ಮಗುವನ್ನು ಎಲ್ಲಿಗೆ ಕರೆದುಕೊಂಡು ಹೋಗಿದ್ದರೆಂದು ನನಗೆ ಗೊತ್ತಿತ್ತು. ಹೋಗುವುದು ಇನ್ನೆಲ್ಲಿಗೆ? ಅಂಗನವಾಡಿಗೆ. ಇಪ್ಪತ್ತೆರಡು ಮಕ್ಕಳ ನಡುವೆ ಇಪ್ಪತ್ಮೂರನೆಯದಾಗಿ ಕೂರಿಸಿ ತಟ್ಟೆಗೆ ಉಪ್ಪಿಟ್ಟು ಹಾಕಿಸಿದ್ದರು. ಸಿನಿಮಾದವರು ಬಾವಿ ಇಣುಕಿದರು, ಸ್ಮಶಾನಕ್ಕೆ ಹೋದರು, ಪ್ರವಾಸಿ ಮಂದಿರದ ಅಟ್ಟ ಹತ್ತಿದರು. ಮಕ್ಕಳಿರುವ ಜಾಗದಲ್ಲಿ ಮಗುವನ್ನು ಹುಡುಕಬೇಕೆಂದು ಯಾರಿಗೂ ಹೊಳೆಯಲಿಲ್ಲ. ಲೋಹಿತ್ ತಲೆ ಚಚ್ಚಿಕೊಂಡು ಅಳುತ್ತಿದ್ದ. ಅಷ್ಟು ಹೆದರಿದ್ದರೂ ಕ್ರಿಶಾಂಕ್ ಕ್ಯಾಮೆರಾಮನ್‌ನ ಬೆನ್ನಿಗೆ ಗುದ್ದಿ, "ರೋಲ್ ಮಾಡೋ, ಇಂಥ ಎಕ್ಸ್‌ಪ್ರೆಷನ್ ಮತ್ತೆ ಸಿಗಲ್ಲ," ಎಂದು ಪಿಸುಗುಡುತ್ತಿದ್ದ.

ಊರಿನವರಿಗೆ ತಿಳಿಯದೆ ಇರುತ್ತದೆಯೇ? ಅರ್ಧ ಗಂಟೆಯಲ್ಲಿ ಕಡಕೋಳ ಸಾಹೇಬರ ಜೀಪು ನನ್ನ ಅಂಗಡಿಯ ಮುಂದೆ ನಿಂತಿತು. ಜೊತೆಗೆ ಕ್ರಿಶಾಂಕ್, ಲೋಹಿತ್ ಇಬ್ಬರೂ ಇಳಿದರು. ಸಾಹೇಬರ ಮುಖದ ಮೇಲೆ ಇನ್ನೂ ಬಣ್ಣವಿತ್ತು, ಮೀಸೆ ದಪ್ಪಗಾಗಿತ್ತು.

"ಅಕ್ಕಾರ, ನಿಮ್ಮ ಅತ್ತಿಯವರು ಎಲ್ಲಿ?"

"ಅವರು ತೀರಿಕೊಂಡು ಆರು ವರ್ಷ ಆತಲ್ರೀ ಸಾಹೇಬ್ರ."

"ಅದು ನನಗೂ ಗೊತ್ತೈತ್ರಿ. ಮಣ್ಣಿಗೆ ಬಂದಿದ್ದೆ. ಈಗ ಎಲ್ಲಿ ಹೋಗ್ಯಾರ ಅಂತ ಕೇಳಾಕತ್ತೀನಿ."

ಕ್ರಿಶಾಂಕ್ ನಮ್ಮಿಬ್ಬರ ಮುಖವನ್ನೂ ಒಂದೊಂದಾಗಿ ನೋಡಿದ. "ಒಂದ್ನಿಮಿಷ. ಯಾರು ತೀರ್ಕೊಂಡಿದ್ದು? ಆ ಆಂಟಿನಾ? ನಾನು ಕುರ್ಚಿ ಮೇಲೆ ಕೂರಿಸಿದ್ನಲ್ಲ, ಅವರಾ?" ಎಂದ. ಸಾಹೇಬರು ಹೌದೆಂದು ತಲೆಯಾಡಿಸಿದರು. "ಹಾಗಾದ್ರೆ ಲಾಡ್ಜಿನ ವಾಚ್‌ಮನ್? ಅವರ ಕೈಯೂ ತಣ್ಣಗಿತ್ತಲ್ಲ?"

"ಅವ್ರು ಹೋಗಿ ಹತ್ತು ವರ್ಷ ಆತ್ರಿ," ಎಂದರು ಸಾಹೇಬರು, ಪಾಪ, ಸಹಜವಾಗಿಯೇ.

ಕ್ರಿಶಾಂಕ್ ಚಪ್ಪಲಿ ನನ್ನ ಹೊಸ್ತಿಲಲ್ಲೇ ಬಿಟ್ಟು ಓಡಿದ. ಅವನ ಕಾರು ಊರು ದಾಟುವವರೆಗೂ ಹಾರ್ನ್ ಬಾರಿಸುತ್ತಲೇ ಇತ್ತು.

ಲೋಹಿತ್ ಓಡಲಿಲ್ಲ. ಅವನು ಅಳುವುದನ್ನು ನಿಲ್ಲಿಸಿದ್ದ. ಮಿಷನ್ನಿನ ಮೇಲೆ ಅಂಚು ಬಿಚ್ಚಿದ ಹಳೆಯ ಲಂಗ ಬಿದ್ದಿತ್ತು, ಮುಚ್ಚಿಡುವ ಬುದ್ಧಿ ನನಗೆ ಬಂದಿರಲಿಲ್ಲ. ಅದನ್ನೆತ್ತಿ ಕೆಂಪು ದಾರದ ಅಕ್ಷರ ಓದಿದ. "ಫೋನ್ ಮಾಡಿದ್ದೀರಿ," ಎಂದ. ಬ್ರದರ್ ಎನ್ನುವ ಧ್ವನಿಯಲ್ಲ ಅದು. ಮೇಜಿನ ಮೇಲಿನ ಕತ್ತರಿ ನಾನು ಯಾವಾಗ ಕೈಗೆತ್ತಿಕೊಂಡೆನೋ ನನಗೇ ತಿಳಿಯದು. ಅವನ ಮುಖ ನೋಡುತ್ತಲೇ ಸಾಹೇಬರಿಗೆ ಎಲ್ಲವನ್ನೂ ಗಟ್ಟಿಯಾಗಿ ಹೇಳಿದೆ, ಬೀದಿಯಲ್ಲಿ ಸೇರಿದ್ದ ಜನಕ್ಕೂ ಕೇಳುವಂತೆ.

ಸಾಹೇಬರು ಮೀಸೆ ಮುಟ್ಟಿಕೊಂಡರು. "ಖರೆ ಇರಬಹುದ್ರಿ. ಆದ್ರ ತಂದಿನ ಕೂಸನ್ನ ಕರಕೊಂಡು ಹೋದ್ರ ಅದು ಅಪಹರಣ ಹೆಂಗಾಕೈತಿ? ಕಾಗದಾ ನಾ ನೋಡಿಲ್ಲ. ಇನ್ನ ನಿಮ್ಮ ಅತ್ತಿ ಮ್ಯಾಲೆ ಕೇಸು ಹಾಕೂಣಂದ್ರ, ಸತ್ತವರಿಗೆ ಹಚ್ಚಾಕ ಕಲಂ ಇಲ್ಲ." ಅಷ್ಟು ಹೇಳಿ, ಎರಡೂ ಕಡೆ ನ್ಯಾಯ ಮಾಡಿದವರಂತೆ ನಿಟ್ಟುಸಿರು ಬಿಟ್ಟರು.

ಜನರ ಗುಂಪಿನಿಂದ ಯಾರೋ ಒಬ್ಬರು, ತುಂಗವ್ವ ಈ ಹೊತ್ತಿನಲ್ಲಿ ಅಂಗನವಾಡಿಯಲ್ಲಿರುತ್ತಾಳೆ ಎಂದರು. ಯಾರೆಂದು ನನಗೆ ಗೊತ್ತು. ಸಹಾಯ ಮಾಡುವ ಮನುಷ್ಯ, ಯಾರಿಗೆ ಮಾಡುತ್ತಿದ್ದೇನೆಂದು ನೋಡುವ ಅಭ್ಯಾಸ ಅವನಿಗಿಲ್ಲ ಅಷ್ಟೆ. ಲೋಹಿತ್ ಆ ಕಡೆ ಓಡಿದ. ನಾನು ಕತ್ತರಿ ಹಿಡಿದುಕೊಂಡೇ ಹಿಂದೆ ಓಡಿದೆ.

ಅತ್ತೆ ಬಾಗಿಲಲ್ಲಿ ನಿಂತಿದ್ದರು. "ದೆವ್ವಗಿವ್ವಕ್ಕೆಲ್ಲ ಹೆದರೋನಲ್ಲ ನಾನು, ಜಾಗ ಬಿಡು," ಎಂದ ಲೋಹಿತ್. ಅಂದು ಇಡೀ ಸಿನಿಮಾ ತಂಡದಲ್ಲಿ ಹೆದರದೆ ಇದ್ದವನು ಅವನೊಬ್ಬನೇ, ಅದು ನನಗೆ ಎಲ್ಲಕ್ಕಿಂತ ಭಯ ಹುಟ್ಟಿಸಿತು. ಅವನು ಅವರ ಭುಜದ ಮೇಲಿಂದ ಇಣುಕಿ, "ಇಂಚರಾ, ಬಾ," ಎಂದ, ಅದೇ ಮೆತ್ತನೆಯ ಧ್ವನಿಯಲ್ಲಿ.

ಮಗು ಎದ್ದು ನಿಂತಿತು. ತಟ್ಟೆ ಪಕ್ಕಕ್ಕಿಟ್ಟಿತು, ಕೈಯನ್ನು ಲಂಗಕ್ಕೆ ಒರೆಸಿಕೊಂಡಿತು, ಬರತೊಡಗಿತು. ಯಾರೋ ದಾರ ಹಿಡಿದು ಎಳೆದಂತೆ. ಅವರು ಮಾಡಿದ ಸಿನಿಮಾದಲ್ಲಿ ಏನೇನು ಭಯಾನಕ ದೃಶ್ಯಗಳಿವೆಯೋ, ಇದಕ್ಕಿಂತ ಭಯಾನಕವಾದದ್ದನ್ನು ನಾನು ನೋಡಿಲ್ಲ.

"ಕೂಸ, ನಿಮ್ಮವ್ವ ನಮ್ಮ ಕಡೆ ಇಲ್ಲ," ಎಂದರು ಅತ್ತೆ, ತಿರುಗಿ ನೋಡದೆಯೇ. "ನಾ ಎಲ್ಲಾರನ್ನೂ ಕೇಳೇನಿ. ನಿಮ್ಮವ್ವ ಸತ್ತಿಲ್ಲ."

ಇಂಚರಾ ನಿಂತಳು. "ಅಪ್ಪಾ?" ಎಂದಳು.

"ಆ ಮುದುಕಿ ಸುಳ್ಳು ಹೇಳ್ತಾಳೆ."

"ಅಜ್ಜಿ ಯಾಕೆ ಸುಳ್ಳು ಹೇಳ್ತಾರೆ? ಅವರಿಗೆ ನಾನು ಅಳೋದು ಬೇಕಾಗಿಲ್ವಲ್ಲ."

ಲೋಹಿತ್ ಅತ್ತೆಯನ್ನು ತಳ್ಳಿ ಒಳಗೆ ನುಗ್ಗಲು ಹೋದ. ಅಷ್ಟರಲ್ಲಿ ಉಳಿದವರು ಬಂದರು. ಯಾರು ಕರೆದರೋ, ಒಂದೊಂದು ಮನೆಯಿಂದ ಒಬ್ಬೊಬ್ಬರು, ಇಬ್ಬಿಬ್ಬರು. ಪೇಪರ್ ಓದುವ ಮೇಷ್ಟ್ರು, ಲಾಡ್ಜಿನ ವಾಚ್‌ಮನ್, ಅಧ್ಯಕ್ಷರ ಅಪ್ಪ, ಹೆರಿಗೆಯಲ್ಲಿ ಹೋದ ಎಳೆಯ ಸೊಸೆಯರು. ಯಾರೂ ಅವನನ್ನು ಬೈಯಲಿಲ್ಲ, ಹಲ್ಲು ಕಡಿಯಲಿಲ್ಲ. ಅವನ ಸುತ್ತ, ಮೆಟ್ಟಿಲ ಮೇಲೆ, ಬಾಗಿಲಿಗೆ ಅಡ್ಡವಾಗಿ ಕೂತು ಹರಟೆ ಹೊಡೆಯತೊಡಗಿದರು. ಸಿನಿಮಾದ ದೆವ್ವದ ಸೀರೆ ಒಗೆದು ಎಷ್ಟು ದಿನವಾಗಿರಬಹುದು ಎಂಬುದು ವಿಷಯ. ನೂರು ಜನ ಉಳಿದವರು ಒಂದೆಡೆ ಕೂತರೆ ಆ ಚಳಿ ಎಂಥದ್ದೆಂದು ಅನುಭವಿಸಿದವರಿಗೇ ಗೊತ್ತು. ಲೋಹಿತ್ ಹಲ್ಲು ಕಟಕಟಿಸುತ್ತ ನಡುವೆ ನಿಂತ. ಒಳಗೂ ಹೋಗಲಾಗಲಿಲ್ಲ, ಹೊರಗೂ ಬರಲಾಗಲಿಲ್ಲ. "ಸರ್, ಏನಾದ್ರೂ ಮಾಡಿ!" ಎಂದು ಕೂಗಿದ. ಕಡಕೋಳ ಸಾಹೇಬರು ಲಾಠಿ ಹಿಡಿದು ದೂರದಲ್ಲಿ ನಿಂತು, ಅವರದೇ ಸತ್ತ ಸೋದರಮಾವ ಮೆಟ್ಟಿಲ ಮೇಲೆ ಕೂತಿದ್ದನ್ನು ನೋಡಿ, ಲಾಠಿಯನ್ನು ಬೆನ್ನ ಹಿಂದೆ ಇಟ್ಟುಕೊಂಡರು.

ಎರಡೂವರೆಯ ಬಸ್ಸು ಅಂದು ಹತ್ತು ನಿಮಿಷ ತಡವಾಗಿ ಬಂತು. ಬಸ್‌ಸ್ಟ್ಯಾಂಡಿನಿಂದ ಓಡುತ್ತ ಬಂದ ಹೆಂಗಸಿನ ಗಲ್ಲದ ಮೇಲೆ ಮಚ್ಚೆಯಿತ್ತು, ಕೈಯಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಕೋರ್ಟಿನ ಕಾಗದವಿತ್ತು. ಉಳಿದವರು ಎದ್ದು ದಾರಿ ಬಿಟ್ಟರು. ಭಾರ್ಗವಿ ಬಾಗಿಲವರೆಗೆ ಬಂದು, ಮಗಳನ್ನು ಕಂಡು, ಅಲ್ಲೇ ಕೂತುಬಿಟ್ಟಳು.

ಇಂಚರಾ ಓಡಿಬರಲಿಲ್ಲ. ಒಂದೊಂದೇ ಹೆಜ್ಜೆ ಇಟ್ಟು ಬಂದು, ಸ್ವಲ್ಪ ದೂರದಲ್ಲಿ ನಿಂತು ಕೇಳಿದಳು, "ಅಮ್ಮಾ, ನೀನು ಸತ್ತು ಬಂದಿದ್ದೀಯಾ?"

ಭಾರ್ಗವಿಗೆ ಅರ್ಥವಾಗಲಿಲ್ಲ. ಮಗು ಅವಸರವಾಗಿ, ಎಲ್ಲಿ ತಾಯಿ ಬೇಜಾರು ಮಾಡಿಕೊಂಡಾಳೋ ಎಂಬಂತೆ ಹೇಳಿತು, "ಪರವಾಗಿಲ್ಲಮ್ಮ. ತುಂಗಜ್ಜೀನೂ ಸತ್ತಿದ್ದಾರೆ. ಸತ್ತಿದ್ರೂ ಇರಬಹುದಂತೆ." ಆಮೇಲೆ ಕೈ ಚಾಚಿ ತಾಯಿಯ ಕೈ ಮುಟ್ಟಿತು. ಬೆರಳು, ಅಂಗೈ, ಮಣಿಕಟ್ಟು, ಹಾಗೆಯೇ ಮೇಲಕ್ಕೆ. ಓಡಿಬಂದ ಮೈ, ಬೆವರಿತ್ತು. "ಬಿಸಿ ಇದೆ," ಎಂದಳು ಇಂಚರಾ, ಅತ್ತೆಯ ಕಡೆ ತಿರುಗಿ. "ಅಜ್ಜಿ, ಅಮ್ಮ ಬಿಸಿ ಇದ್ದಾಳೆ." ಆಮೇಲೆ ಅತ್ತಳು. ಆ ಅಳು ಕ್ರಿಶಾಂಕನ ಕ್ಯಾಮೆರಾಕ್ಕೆ ಸಿಕ್ಕಿಲ್ಲ, ಅದೊಂದು ಸಮಾಧಾನ.

ಸಾಹೇಬರು ಕೋರ್ಟಿನ ಕಾಗದವನ್ನು ಎರಡು ಸಲ ಓದಿದರು. ಕರವಸ್ತ್ರ ತೆಗೆದು ಮುಖದ ಬಣ್ಣ ಒರೆಸಿಕೊಂಡರು, ಅಂಟಿಸಿದ್ದ ಮೀಸೆ ಕಿತ್ತು ಜೇಬಿಗೆ ಹಾಕಿಕೊಂಡು, ಲೋಹಿತನನ್ನು ಜೀಪಿಗೆ ಹತ್ತಿಸಿದರು. ಊರೆಲ್ಲ ನಿಂತು ನೋಡಿತು.

ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಸಿನಿಮಾ ಬಂತು.

ಆರು ತಿಂಗಳಾದ ಮೇಲೆ ನಮ್ಮೂರಿನ ಒಂದೇ ಟಾಕೀಸಿಗೆ ಬಂತು. ‘ನಿಜವಾಗಿ ನಡೆದ ಘಟನೆ’ ಎಂದು ಪೋಸ್ಟರಿನಲ್ಲಿ ರಕ್ತ ಸುರಿಯುವ ಅಕ್ಷರಗಳಲ್ಲಿ ಬರೆದಿದ್ದರು. ಊರಿಗೆ ಊರೇ ಹೋಯಿತು. ಉಳಿದವರು ಗೋಡೆಗೆ ಒರಗಿ ನಿಂತು ನೋಡಿದರು. ಅಧ್ಯಕ್ಷರು ಲಾಟೀನು ಹಿಡಿದು ಎರಡು ಸೆಕೆಂಡು ಕಾಣಿಸಿದರು, ಶಿಳ್ಳೆ ಬಿತ್ತು. ಮಗು ತಾನಾಗಿ ಎದ್ದು ಶೂನ್ಯದ ಕೈ ಹಿಡಿದು ನಡೆದುಹೋಗುವ ದೃಶ್ಯಕ್ಕೆ ಜನ ಉಸಿರು ಬಿಗಿಹಿಡಿದರು. ಆಮೇಲೆ ತಲೆ ಚಚ್ಚಿಕೊಂಡು ಅಳುವ ತಂದೆ ಬಂದ. ಹತ್ತಿರದ ದೃಶ್ಯಗಳಲ್ಲಿ ಹೀರೋ, ಆದರೆ ದೂರದಿಂದ ತೆಗೆದವುಗಳಲ್ಲಿ ಅಳುತ್ತಿದ್ದವನು ಲೋಹಿತನೇ. ನಾನು ಅಕ್ಕಪಕ್ಕ ನೋಡಿದೆ. ಅಂದು ಅಂಗನವಾಡಿಯ ಮುಂದೆ ನಿಂತು ಎಲ್ಲವನ್ನೂ ಕಣ್ಣಾರೆ ಕಂಡವರೇ ಸೆರಗಿನಿಂದ, ಟವೆಲಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. "ಪಾಪ, ಹೆತ್ತ ಕರಳು," ಎಂದಳು ನನ್ನ ಹಿಂದಿನವಳು.

"ಸುನಂದಾ, ಇದರಾಗ ಕೂಸಿನ ತಾಯಿ ಎಲ್ಲಿ?" ಎಂದು ಪಕ್ಕದ ಗೋಡೆಗೆ ಒರಗಿದ್ದ ಅತ್ತೆ ಕೇಳಿದರು.

"ಮದಲನೇ ಸೀನಿನ್ಯಾಗ ಗ್ವಾಡಿ ಮ್ಯಾಲೆ ಫೋಟೋ ಇತ್ತಲ್ರೀ, ಹಾರಾ ಹಾಕಿದ್ದು. ಅದ ತಾಯಿ."

ಅತ್ತೆ ಸಿನಿಮಾ ಮುಗಿಯುವ ಮುಂಚೆಯೇ ಹೊರಗೆ ಹೋದರು.

ಮರುದಿನ ಅಂಗನವಾಡಿಯ ಟೀಚರ್ ಬಂದು ನೆಲ ನೋಡುತ್ತ ಹೇಳಿದಳು, "ತುಂಗವ್ವಾರ, ನಾಕು ದಿನಾ ಬರಬ್ಯಾಡ್ರಿ. ತಾಯಂದಿರು ಅಂಜಾಕತ್ತಾರ." ಆ ತಾಯಂದಿರಲ್ಲಿ ಅರ್ಧ ಜನ ಅತ್ತೆಯ ತೊಡೆಯ ಮೇಲೆ ಮಲಗಿ ಬೆಳೆದವರು. ಬಾಗಿಲುಗಳಿಗೆ ಲಿಂಬೆಹಣ್ಣು, ಮೆಣಸಿನಕಾಯಿ ಬಂದವು. ಉಳಿದವರು ದೀಪ ಹಚ್ಚಿದ ಮೇಲೆ ಬೀದಿಗೆ ಬರಬಾರದೆಂದು ಪುರಸಭೆ, ಸಾರ್ವಜನಿಕರ ಭೀತಿ ನಿವಾರಣೆಗಾಗಿ, ಠರಾವು ಮಾಡಿತು. ಅಧ್ಯಕ್ಷರು ತಮ್ಮ ಅಪ್ಪನನ್ನು ಪಡಸಾಲೆಯಿಂದ ಹಿತ್ತಲ ಕೋಣೆಗೆ ಕಳಿಸಿ, ಹೊರಗಿನಿಂದ ಚಿಲಕ ಹಾಕಿದರು. ತಲೆತಲಾಂತರದಿಂದ ಇಲ್ಲದ ಹೆದರಿಕೆಯನ್ನು ಎರಡೂವರೆ ತಾಸಿನಲ್ಲಿ ಕಲಿತ ಜನ ನಾವು. ಅತ್ತೆ ಬಾಗಿಲ ಬಳಿಯ ಕುರ್ಚಿಯನ್ನು ಒಳಗೆ ಎಳೆದುಕೊಂಡರು. ನಾಲ್ಕು ದಿನ ನಾಲ್ಕು ತಿಂಗಳಾಯಿತು.

ಶಾಲೆಗೆ ರಜೆ ಬಿಟ್ಟಾಗ ಭಾರ್ಗವಿ, ಇಂಚರಾ ಬಂದರು. ಇಂಚರಾ ಬೆಳೆದಿದ್ದಳು, ಮುಂದಿನ ಹಲ್ಲೊಂದು ಬಿದ್ದಿತ್ತು. ಬಂದವಳೇ ಅತ್ತೆಯ ಕೈ ಹಿಡಿದು, "ಅವತ್ತು ಊರು ತೋರಿಸ್ತೀನಿ ಅಂದಿದ್ರಲ್ಲ, ಬನ್ನಿ," ಎಂದು ಎಬ್ಬಿಸಿದಳು. ಅತ್ತೆ ನನ್ನ ಮುಖ ನೋಡಿದರು. ನಾನು ಮಿಷನ್ನಿಗೆ ಬಟ್ಟೆ ಮುಚ್ಚಿ ಚಪ್ಪಲಿ ಮೆಟ್ಟಿಕೊಂಡೆ.

ನಾಲ್ವರೂ ಪೇಟೆಯ ನಡುವೆ ನಡೆದೆವು. ಜನ ಮಾತು ನಿಲ್ಲಿಸಿ ನೋಡಿದರು. ಒಬ್ಬಳು ತನ್ನ ಮಗುವನ್ನು ಎಳೆದು ಒಳಗೆ ಹಾಕಿಕೊಂಡಳು. ಬಳೆ ಅಂಗಡಿಯ ಹೆಂಗಸು ಕಟ್ಟೆಯಿಂದ ಬಗ್ಗಿ, ಅತ್ತೆಯ ಕಡೆ ಕಣ್ಣೆತ್ತದೆ, ಪಿಸುಧ್ವನಿಯಲ್ಲಿ ಕೇಳಿದಳು, "ಏ ಕೂಸ, ಆಕಿ ಕೈ ಹಿಡಕೊಂಡು ಹೊಂಟೀಯಲ್ಲ, ಹೆದರಿಕಿ ಆಗೂದಿಲ್ಲೇನು ನಿನಗ?"

ಇಂಚರಾ ನಿಂತು, ಕೇಳಿದ್ದಕ್ಕೆ ಸರಿಯಾದ ಉತ್ತರ ಕೊಡಬೇಕೆಂಬಂತೆ ಯೋಚಿಸಿದಳು.

"ಆಗತ್ತೆ," ಎಂದಳು. "ಅಜ್ಜಿ ಕೈ ಬಿಟ್ರೆ."